ನಂಜುಂಡಯ್ಯನ ಬೋಣಿ

ನಮ್ಮೂರಿಗೆ ಬಂದು ‘ಕಲಾವಿದ ನಂಜುಂಡಯ್ಯನವರ ಮನೆ ಎಲ್ಲಿ’ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಆನೆ ನಂಜುಂಡಯ್ಯ’ ಎಂದರೆ ಸಾಕು, ಎರಡನೇ ಕ್ಲಾಸಿನ ಮಕ್ಕಳೂ ಕರೆದುಕೊಂಡು ಹೋಗಿ ಬಾಗಿಲಲ್ಲಿ ಬಿಟ್ಟು ಬರುತ್ತವೆ. ಈ ಬಿರುದು ಕೊಟ್ಟವರು ನಾವೇ, ಊರಿನವರು. ಅವನು ಇನ್ನೂ ಒಪ್ಪಿಕೊಂಡಿಲ್ಲ. ಬಿರುದು ಕೊಡುವಾಗ ಯಾರು ಯಾರನ್ನು ಕೇಳುತ್ತಾರೆ?

ಮಗ್ಗೆಯಿಂದ ಒಳಗೆ ಹೋದರೆ ಸಿಗುವ ನಮ್ಮ ಹಳ್ಳಿಯಲ್ಲಿ ನಂಜುಂಡಯ್ಯನಿಗೆ ಒಂದಿಷ್ಟು ಕಾಫಿ ಇದೆ, ಒಂದಿಷ್ಟು ಶುಂಠಿ ಇದೆ. ಒಂದು ಕಡೆ ಕೂರುವ ಅಭ್ಯಾಸ ಮಾತ್ರ ಇಲ್ಲ. ಊಟಕ್ಕೆ ಕೂತವನು ಅನ್ನ ಬರುವಷ್ಟರಲ್ಲಿ ಎದ್ದು ಹೋಗಿ ಪಂಪಿನ ಸ್ವಿಚ್ಚು ನೋಡಿ ಬರುತ್ತಾನೆ, ಸಾರು ಬರುವಷ್ಟರಲ್ಲಿ ಇನ್ನೊಂದು ಸಲ ನೋಡಿ ಬರುತ್ತಾನೆ. ಇಂಥವನು ಹೋದ ವರ್ಷ ಹಳೆಯ ರೊಬಸ್ಟಾ ಗಿಡಗಳನ್ನು ಕೀಳಿಸಿದ. ಕಿತ್ತ ಬೊಡ್ಡೆಗಳನ್ನೆಲ್ಲ ಸೌದೆಗೆಂದು ಹಿತ್ತಲಲ್ಲಿ ಒಟ್ಟಿದ್ದರು. ಅದರಲ್ಲಿ ಒಂದು ಬೊಡ್ಡೆಯೊಳಗೆ ಅವನಿಗೆ ಆನೆ ಕಂಡಿತು. ನಾವೂ ಹೋಗಿ ನೋಡಿದೆವು. ನಮಗೆ ಬೊಡ್ಡೆಯೇ ಕಂಡಿತು.

ಉಳಿ ಹಿಡಿದು ಮೂರು ತಿಂಗಳು ಕುಟ್ಟಿದ. ಮೊಣಕಾಲೆತ್ತರದ ಆನೆಯೊಂದು ಎದ್ದು ನಿಂತಿತು. ಸೊಂಡಿಲು ಸ್ವಲ್ಪ ಗಿಡ್ಡವಾಯಿತು, ಕಿವಿ ಒಂದು ದೊಡ್ಡದು ಒಂದು ಸಣ್ಣದು. ಕಾಲುಗಳನ್ನು ಮಾತ್ರ ಬಹಳ ಮನಸ್ಸಿಟ್ಟು ಮಾಡಿದ್ದ. ಒಂದೊಂದು ಪಾದಕ್ಕೂ ಉಗುರು ಕೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿದ್ದ. ಹೆಂಡತಿ ಸರ್ವಮಂಗಳ ದಿನಾ ಬೆಳಿಗ್ಗೆ ಹಂಡೆ ಒಲೆಗೆ ಸೌದೆ ತರಲು ಹೋದಾಗ ಆ ಆನೆಯನ್ನು ಒಂದು ಥರ ನೋಡುತ್ತಿದ್ದಳು. ಅದಕ್ಕೇ ಅವನು ಅದನ್ನು ಹಾಸಿಗೆಯ ಪಕ್ಕಕ್ಕೆ ತಂದಿಟ್ಟುಕೊಂಡ.

ಹೀಗಿರುವಾಗ ದಾರಿ ತಪ್ಪಿ ಬಂದ ಪ್ರವಾಸಿಯೊಬ್ಬ ದಾರಿ ಕೇಳಲು ಕಾರು ನಿಲ್ಲಿಸಿದ, ಆನೆ ನೋಡಿದ, ‘ಸೂಪರ್ ಆರ್ಟ್, ಅಂಕಲ್’ ಎಂದು ಹೇಳಿ ಹೊರಟುಹೋದ. ಅವನು ಸರಿಯಾದ ದಾರಿ ಹಿಡಿದನೋ ಇಲ್ಲವೋ ಗೊತ್ತಿಲ್ಲ. ನಂಜುಂಡಯ್ಯ ಮಾತ್ರ ಅವತ್ತೇ ದಾರಿ ತಪ್ಪಿದ. ಆಲೂರಿಗೆ ಹೋಗಿ ‘ಎಂ. ನಂಜುಂಡಯ್ಯ, ಬೊಡ್ಡೆ ಕಲಾವಿದರು’ ಎಂದು ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿಕೊಂಡು ಬಂದ. ಮೊದಲ ಕಾರ್ಡು ನನಗೇ ಕೊಟ್ಟ. ಬಾಗಿಲಿಗೆ ಬಾಗಿಲು ಇರುವ ಮನೆಯವನಿಗೆ ಕಾರ್ಡು ಯಾಕೆ ಎಂದು ಕೇಳಿದ್ದಕ್ಕೆ, “ಇಟ್ಕೊಂಡಿರು ಮಾರಾಯ, ಮುಂದೆ ಬೇಕಾಯ್ತದೆ” ಎಂದ.

ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆ ಶನಿವಾರ, ಭಾನುವಾರದ ಜೊತೆ ಸೇರಿಕೊಂಡು ಬಂತು. ಇಂಥ ರಜೆಯಲ್ಲಿ ಸಕಲೇಶಪುರದ ರಸ್ತೆಗಳಲ್ಲಿ ನಾವು ಓಡಾಡುವಂತಿಲ್ಲ, ಘಟ್ಟದ ಕೆಳಗಿನವರು ಮೇಲಿನವರು ಎಲ್ಲರ ಕಾರುಗಳೂ ನಮ್ಮ ಮೇಲೇ ಬರುತ್ತವೆ. ಹೆತ್ತೂರಿನ ದಾರಿಯಲ್ಲಿರುವ ಒಂದು ರೆಸಾರ್ಟಿನವರು ಆ ಮೂರು ದಿನ ಕರಕುಶಲ ಮೇಳ ಇಟ್ಟಿದ್ದರು. ನಂಜುಂಡಯ್ಯನ ಬಾಮೈದ ಭೂತಯ್ಯ ಅಲ್ಲೇ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅವನು ಹೇಳಿ ಕೇಳಿ ಭಾವನಿಗೊಂದು ಸ್ಟಾಲ್ ಕೊಡಿಸಿದ.

“ಭಾವ, ಆನೆ ನೆಲದ ಮೇಲೆ ಇಕ್ಕಂಗಿಲ್ಲ. ಅಲ್ಲೆಲ್ಲ ಸ್ಟ್ಯಾಂಡ್ ಮೇಲೆ ಇಕ್ತಾರೆ. ಸ್ಟ್ಯಾಂಡ್ ನೋಡೇ ಜನ ಬರೋದು” ಎಂದ ಭೂತಯ್ಯ.

ಅವನು ಯಾವ ಗಳಿಗೆಯಲ್ಲಿ ಹಾಗೆ ಹೇಳಿದನೋ!

ಆನೆಗೆ ತಕ್ಕ ಸ್ಟ್ಯಾಂಡ್ ಹುಡುಕುತ್ತ ನಂಜುಂಡಯ್ಯ ಊರೆಲ್ಲ ಸುತ್ತಿ ಕೊನೆಗೆ ಕೆಂಚಮ್ಮಜ್ಜಿಯ ಮನೆಗೆ ಹೋದ. ಅಲ್ಲಿ ಅಟ್ಟದ ಮೇಲೆ ಊರಿನ ಹಸೆಮಣೆ ಇದೆ. ಗಂಡು ಹೆಣ್ಣು ಇಬ್ಬರೂ ಕೂರುವಷ್ಟು ಅಗಲದ ಹಲಸಿನ ಹಲಗೆ, ಅಂಚಿಗೆ ಬಳ್ಳಿಯ ಕೆತ್ತನೆ, ಬೀಟೆಯ ನಾಲ್ಕು ಗಿಡ್ಡ ಕಾಲು. ಈಗ ಮದುವೆಗಳೆಲ್ಲ ಕಲ್ಯಾಣ ಮಂಟಪಕ್ಕೆ ಹೋಗಿ, ಅಲ್ಲಿ ರಾಜರು ಕೂರುವಂಥ ಕುರ್ಚಿ ಬಂದಿದೆ. ಆದರೆ ಅರಿಶಿನ ಹಚ್ಚುವ ಶಾಸ್ತ್ರ ಮನೆಯಲ್ಲೇ ಆಗಬೇಕು, ಆ ಮಣೆಯ ಮೇಲೇ ಆಗಬೇಕು. ಕೆಂಚಮ್ಮಜ್ಜಿ ಕೂತದ್ದು ಅದರ ಮೇಲೆ, ಸರ್ವಮಂಗಳ ಕೂತದ್ದು ಅದರ ಮೇಲೆ, ನಮ್ಮ ಮನೆಯವಳು ಕೂತದ್ದೂ ಅದರ ಮೇಲೇ. ಮಣೆಯನ್ನು ಯಾರು ಒಯ್ದರೂ ಬರಿದಾಗಿ ವಾಪಸ್ಸು ತರುವಂತಿಲ್ಲ, ಮೇಲೆ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ತರಬೇಕು.

“ಮಣೆ ಯಾಕ್ಲಾ ನಂಜುಂಡ?” ಎಂದು ಕೇಳಿದಳು ಅಜ್ಜಿ.

“ಒಂದು ಒಳ್ಳೆ ಕೆಲಸಕ್ಕೆ ಕಣಜ್ಜಿ. ಸೋಮವಾರ ತಂದ್ಬುಡ್ತೀನಿ.”

“ನೋಡು, ಬುಧವಾರ ನಮ್ಮ ಧನುಶ್ರೀಗೆ ಅರಿಶಿನ. ಮಣೆ ಬರ್ಲಿಲ್ಲ ಅಂದ್ರೆ ನಿನ್ನೇ ಬಗ್ಗಿಸಿ ನಿನ್ ಬೆನ್ನ ಮೇಲೆ ಕೂರಿಸ್ತೀನಿ ನನ್ ಮೊಮ್ಮಗಳ್ನ.”

ಧನುಶ್ರೀ ಒಳಗಿನಿಂದ ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ. ಅವಳು ತಮಾಷೆಗೆ ಹೇಳುವವಳಲ್ಲ ಎಂದು ಊರಿಗೆಲ್ಲ ಗೊತ್ತು.

ಮಣೆ ಮನೆಗೆ ಬಂದದ್ದು ನೋಡಿ ಸರ್ವಮಂಗಳ ಹಣೆ ಚಚ್ಚಿಕೊಂಡಳು. “ಹೆಣ್ಮಕ್ಳು ಕೂರೋ ಮಣೆ ಮೇಲೆ ಸೌದೆ ಕೂರಿಸ್ತೀರಾ?” ಎಂದಳು. ಮೂರು ತಿಂಗಳ ಶ್ರಮವನ್ನು ಸೌದೆ ಎಂದದ್ದಕ್ಕೆ ನಂಜುಂಡಯ್ಯ ಮಾತು ಬಿಟ್ಟ. ಅವನು ಬಿಟ್ಟದ್ದು ನೋಡಿ ಅವಳೂ ಬಿಟ್ಟಳು. ಆದರೂ ಮಣೆಗೆ ಕೊಬ್ಬರಿ ಎಣ್ಣೆ ತಿಕ್ಕಿ ಫಳಫಳ ಎನಿಸಿದಳು, ಹಳೆ ಸೀರೆಗಳನ್ನು ಸೇರಿಸಿ ತಾನೇ ಹೊಲಿದಿದ್ದ ಹೊದಿಕೆಯಲ್ಲಿ ಆನೆಯನ್ನು ಸುತ್ತಿಕೊಟ್ಟಳು, ಬುತ್ತಿ ಕಟ್ಟಿಕೊಂಡು ಭೂತಯ್ಯನ ಜೀಪು ಹತ್ತಿದಳು. ಇಷ್ಟನ್ನೂ ಮಾತಿಲ್ಲದೆ ಮಾಡಿದಳು. ಮೇಳ ಮುಗಿಯುವವರೆಗೂ ಬಿಡಾರ ರೆಸಾರ್ಟಿನ ಪಕ್ಕದಲ್ಲೇ ಇದ್ದ ಭೂತಯ್ಯನ ಮನೆಯಲ್ಲಿ.

ಶನಿವಾರ ಇಡೀ ದಿನ ಜನ ಬಂದರು, ಆನೆ ನೋಡಿದರು, ಪಕ್ಕದ ಸ್ಟಾಲಿಗೆ ಹೋಗಿ ಚಾಕೊಲೇಟ್ ಕೊಂಡರು. ನಂಜುಂಡಯ್ಯ ನಿಂತಲ್ಲಿ ನಿಲ್ಲಲಿಲ್ಲ. ಒಂದು ಸಲ ಆನೆಯ ಮುಖವನ್ನು ರಸ್ತೆಗೆ ತಿರುಗಿಸಿದ, ಇನ್ನೊಂದು ಸಲ ಬೆನ್ನು ತಿರುಗಿಸಿದ. ತಾನೇ ಗಿರಾಕಿಯ ಹಾಗೆ ದೂರದಿಂದ ನಡೆದು ಬಂದು, ‘ಆಹಾ’ ಎಂದು ನಿಂತು ನೋಡಿದ. ಮೇಳದ ಉಸ್ತುವಾರಿ ನೋಡುತ್ತಿದ್ದ ಶಾಲಿನಿ ಎಂಬ ಹುಡುಗಿ ಕುತ್ತಿಗೆಗೆ ಗುರುತಿನ ಕಾರ್ಡಿನ ಪಟ್ಟಿ ಹಾಕಿಕೊಂಡು ಬಂದು, “ಸರ್, ಸ್ಟಾಲ್ ಒಳಗೇ ಇರಬೇಕು, ಪ್ಲೀಸ್” ಎಂದಳು.

ಭಾನುವಾರ ಮಧ್ಯಾಹ್ನ ಸರ್ವಮಂಗಳ ಬುತ್ತಿಯ ಡಬ್ಬಿ ತೊಳೆಯಲು ನಲ್ಲಿಯ ಕಡೆ ಹೋಗಿದ್ದಾಗ ಒಂದು ಜೋಡಿ ಬಂದು ನಿಂತಿತು. ಘಾಟಿ ಹತ್ತಿ ಮಂಗಳೂರಿನಿಂದ ಬಂದವರು. ಹೆಂಡತಿಯ ಹೆಸರು ಮಾನಸಾ, ಗಂಡ ಮೋಹಿತ್. ಮಾನಸಾ ಕಣ್ಣರಳಿಸಿ ಕೈ ತೋರಿಸಿ, “ಇದು ಕೊಡ್ಲಿಕ್ಕೆ ಉಂಟಾ?” ಎಂದಳು.

ನಂಜುಂಡಯ್ಯ ಎರಡೇ ಹೆಜ್ಜೆಗೆ ಮುಂದೆ ಬಂದ. “ಐತೆ ಕಣಮ್ಮ!”

“ಎಷ್ಟು ಚಂದದ ಕೆಲಸ ನೋಡಿ ಮೋಹಿತ್. ಕಾಲು ನೋಡಿ, ಎಷ್ಟು ಗಟ್ಟಿ ಉಂಟು! ಹಳೇದಾ ಇದು?”

“ನಮ್ಮಪ್ಪ ನೆಟ್ಟಿದ್ದು” ಎಂದ ನಂಜುಂಡಯ್ಯ. ಅವನು ಕಾಫಿ ಗಿಡದ ಮಾತಾಡುತ್ತಿದ್ದ.

“ಇದರ ಮೇಲೆ ಕೂತ್ಕೊಳ್ಬಹುದಾ?”

“ಮಕ್ಕಳು ಆರಾಮಾಗಿ ಕೂರ್ಬೋದು. ನಮ್ಮ ಬಾಮೈದ್ನೇ ಒಂದ್ಸಲ ಕೂತವ್ನೆ, ಏನೂ ಆಗ್ಲಿಲ್ಲ.”

ನಂಜುಂಡಯ್ಯ ಆನೆಯ ಬೆಲೆ ಹೇಳಿದ. ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದ ಬೆಲೆ, ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಅವರು ಚೌಕಾಸಿಯನ್ನೇ ಮಾಡಲಿಲ್ಲ! ಮೋಹಿತ್ ಮೊಬೈಲು ತೆಗೆದು ಸ್ಕ್ಯಾನ್ ಮಾಡಲು ಹೋದ.

“ಬ್ಯಾಡಿ ಸ್ವಾಮಿ, ಬೋಣಿ ಐತೆ. ನೋಟೇ ಕೊಡಿ, ಕಣ್ಣಿಗೊತ್ಕೊಬೇಕು.”

ಇಲ್ಲಿ ಬೋಣಿಯ ವಿಚಾರ ಹೇಳಬೇಕು. ದಿನದ ಮೊದಲ ವ್ಯಾಪಾರಕ್ಕೇ ಅಷ್ಟು ಮರ್ಯಾದೆ ಇರುವಾಗ, ಇದು ಅವನ ಜೀವಮಾನದ ಮೊದಲ ವ್ಯಾಪಾರ. ನಂಜುಂಡಯ್ಯ ನೋಟುಗಳನ್ನು ಎರಡೂ ಕೈಯಲ್ಲಿ ಹಿಡಿದು, ಪೂರ್ವಕ್ಕೆ ತಿರುಗಿ, ಕಣ್ಣಿಗೊತ್ತಿಕೊಂಡು ನಿಂತ. ಮೊದಲು ಮನೆದೇವರನ್ನು ನೆನೆದ. ಆಮೇಲೆ ನಂಜನಗೂಡಿನ ಒಡೆಯನನ್ನು, ಹೊಳೆ ದಡದ ಸಕಲೇಶ್ವರನನ್ನು, ಗಿಡ ನೆಟ್ಟ ಅಪ್ಪನನ್ನು, ಉಳಿ ಮಾಡಿಕೊಟ್ಟ ಕಮ್ಮಾರನನ್ನು, ದಾರಿ ತಪ್ಪಿ ಬಂದ ಆ ಪ್ರವಾಸಿಯನ್ನೂ ನೆನೆದ. ಯಾರನ್ನೂ ಬಿಟ್ಟು ಅಭ್ಯಾಸವಿಲ್ಲ. ಬೋಣಿಯ ಹೊತ್ತಿನಲ್ಲಿ ನಡುವೆ ಕಣ್ಣು ಬಿಡುವಂತೆಯೂ ಇಲ್ಲ.

ಕಣ್ಣು ಬಿಟ್ಟಾಗ ಗಿರಾಕಿಗಳು ಇರಲಿಲ್ಲ. ಆನೆ ಸೀರೆಯ ಹೊದಿಕೆಯ ಮೇಲೆ ನೆಲದಲ್ಲಿ ನಿಂತಿತ್ತು.

‘ಇಳಿಸಿಟ್ಟು ಕಾರು ತರಕ್ಕೆ ಹೋಗವ್ರೆ’ ಎಂದುಕೊಂಡ ನಂಜುಂಡಯ್ಯ. ಮಣೆ ಕಾಣಲಿಲ್ಲ. ಮಂಡಿ ನೋವೆಂದು ಗೊಣಗುತ್ತಿದ್ದ ಸರ್ವಮಂಗಳ ಅದನ್ನು ಹಿಂದಕ್ಕೆ ಎತ್ತಿಕೊಂಡು ಹೋಗಿ ಕೂತಿರಬೇಕು ಎಂದುಕೊಂಡ. ಸರ್ವಮಂಗಳ ಡಬ್ಬಿ ತೊಳೆದುಕೊಂಡು ಬಂದು ನೋಡಿದಳು. ಕೊನೆಗೂ ಬುದ್ಧಿ ಬಂದು ಗಂಡ ಮಣೆಯನ್ನು ಭೂತಯ್ಯನ ಜೀಪಿನಲ್ಲಿ ಇಟ್ಟು ಬಂದಿದ್ದಾನೆ ಎಂದುಕೊಂಡಳು. ಮಾತು ಬಿಟ್ಟಿದ್ದರಲ್ಲ, ಇಬ್ಬರೂ ಕೇಳಲಿಲ್ಲ.

ಸಂಜೆಯಾದರೂ ಕಾರು ಬರಲಿಲ್ಲ. ಆದರೆ ಸುದ್ದಿ ಊರಿಗೆ ಬಂತು. “ಆನೆ ಮಾರೋಯ್ತು ಕಣೋ, ಮಂಗಳೂರಿಗೆ!” ಎಂದು ನಂಜುಂಡಯ್ಯ ನನಗೆ ಫೋನಿನಲ್ಲಿ ಕಿರುಚಿದ. ನಾನು ಯಾರಿಗೂ ಹೇಳಲಿಲ್ಲ, ಹಾಲಿನ ಡೇರಿಯಲ್ಲಿ ಒಂದು ಮಾತು ಅಂದೆ ಅಷ್ಟೆ. ಸೋಮವಾರ ಬೆಳಗಾಗುವಷ್ಟರಲ್ಲಿ ಊರಿನ ಗಂಡಸರೆಲ್ಲ ತಮ್ಮ ತಮ್ಮ ಸೌದೆ ಒಟ್ಟಿಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಒಬ್ಬನಿಗೆ ತನ್ನ ಬೊಡ್ಡೆಯಲ್ಲಿ ನವಿಲು ಕಂಡಿತು. ಇನ್ನೊಬ್ಬನಿಗೆ ಅವನ ಬೀಗರು ಕಂಡರು. ಹೆಂಗಸರು ಒಲೆಗೆ ಸೌದೆ ಕೇಳಿದರೆ, ‘ತಡಿ, ನೋಡ್ತಾ ಇವ್ನಿ’ ಎಂಬ ಉತ್ತರ. ಅವತ್ತು ಎಷ್ಟೋ ಮನೆಗಳಲ್ಲಿ ಸ್ನಾನಕ್ಕೆ ನೀರು ಕಾಯಲಿಲ್ಲ. ನಮ್ಮ ಮನೆಯಲ್ಲೂ ಕಾಯಲಿಲ್ಲ, ನನಗೊಂದು ಬೊಡ್ಡೆಯಲ್ಲಿ ಆಮೆ ಕಂಡಂತಾಗಿತ್ತು.

ಭೂತಯ್ಯನಂತೂ ಭಾವನ ಮುಂದೆ ಬಂದು ಕೈಕಟ್ಟಿ ನಿಂತ. “ನಮ್ಮ ಎಸ್ಟೇಟಲ್ಲಿ ಇಪ್ಪತ್ತು ಎಕರೆ ಗಿಡ ಕೀಳ್ತಾವ್ರೆ ಭಾವ. ಎಲ್ಲಾ ಬೊಡ್ಡೆ ನಿಂಗೇ ಕೊಡಿಸ್ತೀನಿ. ಲೈನಿನ ಕೂಲಿ ಜನ ಎಲ್ಲಾರಿಗೂ ಆನೆ ಮಾಡೋದು ಕಲಿಸ್ಬುಡು.”

“ನೋಡಾಣ ನೋಡಾಣ. ಕಲೆ ಅಂದ್ರೆ ಅರ್ಜೆಂಟ್ ಮಾಡಂಗಿಲ್ಲ ಕಣೋ” ಎಂದ ನಂಜುಂಡಯ್ಯ, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಓಡಾಡುತ್ತ.

ಆನೆಯ ಕೊರಳಿಗೆ ‘ಮಾರಾಟವಾಗಿದೆ’ ಎಂದು ಬರೆದ ರಟ್ಟು ನೇತು ಹಾಕಿದ್ದ. ಊಟಕ್ಕೆ ಹೋಗುವಾಗ ಅದನ್ನು ಹಗ್ಗದಲ್ಲಿ ಶಾಮಿಯಾನದ ಗೂಟಕ್ಕೆ ಕಟ್ಟಿ ಹೋಗುತ್ತಿದ್ದ. ಕೊಂಡವರು ನಂಬಿ ಬಿಟ್ಟು ಹೋದ ಮಾಲು, ಹೆಚ್ಚುಕಮ್ಮಿಯಾದರೆ ಮಗ್ಗೆಯ ಹೆಸರು ಏನಾಗಬೇಕು! ಸೋಮವಾರ ಮಧ್ಯಾಹ್ನ ಕೆಂಚಮ್ಮಜ್ಜಿಯ ಫೋನು ಬಂತು. “ಮಣೆ ನೆನಪೈತೆ ತಾನೆ?” ಎಂದಳು. “ಜ್ವಾಪಾನವಾಗೈತೆ ಅಜ್ಜಿ, ಸಂಜೆಗೆ ತತ್ತೀನಿ” ಎಂದ. ಸರ್ವಮಂಗಳ ಹೌದೆಂದು ತಲೆ ಆಡಿಸಿದಳು. ಅವಳ ಲೆಕ್ಕದಲ್ಲಿ ಅದು ಜೀಪಿನಲ್ಲಿತ್ತು, ಅವನ ಲೆಕ್ಕದಲ್ಲಿ ಅದು ಅವಳ ಹತ್ತಿರ ಇತ್ತು.

ಮೇಳ ಮುಗಿಯುವ ಹೊತ್ತಾಯಿತು, ಕೊಂಡವರು ಬರಲಿಲ್ಲ. ನಂಜುಂಡಯ್ಯನಿಗೆ ತಡೆಯಲಾಗಲಿಲ್ಲ. ಶಾಲಿನಿ ಆ ಕಡೆ ತಿರುಗಿದ್ದಾಗ ವೇದಿಕೆ ಹತ್ತಿ ಮೈಕು ಹಿಡಿದ.

“ಆನೆ! ಆನೆ ಇಲ್ಲೇ ಐತೆ! ಎಲ್ಲಾರೂ ಕೇಳಿಸ್ಕಳಿ, ಆನೆ...”

ಮುಂದಿನ ಮಾತು ಯಾರಿಗೂ ಬೇಕಾಗಿರಲಿಲ್ಲ. ಆಲೂರು ಸಕಲೇಶಪುರದ ಬೆಟ್ಟದಲ್ಲಿ ಮೈಕಿನಲ್ಲಿ ಆನೆ ಎಂದು ಕೂಗಿದರೆ ಅದಕ್ಕೆ ಒಂದೇ ಅರ್ಥ, ಕಾಡಾನೆ ನುಗ್ಗಿದೆ. ಅರಣ್ಯ ಇಲಾಖೆಯವರು ದಿನಾ ಹಾಗೆಯೇ ಕೂಗುವುದು. ಆಸುಪಾಸಿನ ಊರಿನವರು ಮಕ್ಕಳನ್ನು ಎತ್ತಿಕೊಂಡು ರೆಸಾರ್ಟಿನ ಮಹಡಿ ಹತ್ತಿದರು. ಪ್ರವಾಸಿಗರು ಅವರನ್ನು ನೋಡಿ ಕಾರುಗಳ ಕಡೆ ಓಡಿದರು. ಜೇನು ಮಾರುತ್ತಿದ್ದವನು ಮೇಜಿನ ಕೆಳಗೆ ಕೂತ. ನಂಜುಂಡಯ್ಯ ಮಾತ್ರ ಮೈಕು ಹಿಡಿದು, “ಓಡ್ಬ್ಯಾಡಿ, ಕೊಂಡವ್ರು ಬಂದು ತಗೊಂಡೋಗಿ!” ಎಂದು ಕೂಗುತ್ತಲೇ ಇದ್ದ.

“ಏನ್ ಮಾಡ್ತಿದ್ದೀರಾ ಸರ್ ನೀವು?” ಶಾಲಿನಿಗೆ ಅಳುವೇ ಬಂದಿತ್ತು. “ಯಾರು, ಆ ಮಂಗಳೂರಿನವರಾ? ನನ್ನ ಹತ್ತಿರ ಹಗ್ಗ ಇಸ್ಕೊಂಡು ಏನೋ ಕಾರಿಗೆ ಕಟ್ಟಿದ್ರು. ಹೆತ್ತೂರು ದಾರೀಲಿ ಹೋಂಸ್ಟೇಯಲ್ಲಿದ್ದಾರೆ, ನಾಳೆ ಬೆಳಿಗ್ಗೆ ಹೊರಡ್ತಾರೆ. ನೀವೇ ಹೋಗಿ ಕೊಡಿ. ದಯವಿಟ್ಟು ಈಗಲೇ ಹೋಗಿ!”

ಭೂತಯ್ಯ ಜೀಪು ತಂದ. ಆನೆಯನ್ನು ಹೊದಿಕೆಯಲ್ಲಿ ಸುತ್ತಿ, ಅದರ ಹಣೆಗೆ ವಿಭೂತಿ ಇಟ್ಟು, ಮಗಳನ್ನು ಗಂಡನ ಮನೆಗೆ ಬಿಡಲು ಹೋಗುವವನ ಹಾಗೆ ಮಡಿಲಲ್ಲಿಟ್ಟುಕೊಂಡು ನಂಜುಂಡಯ್ಯ ಕೂತ. ಕಣ್ಣಲ್ಲಿ ನೀರಿತ್ತು ಎಂದು ಸರ್ವಮಂಗಳ ಆಮೇಲೆ ನಮ್ಮ ಮನೆಯವಳಿಗೆ ಹೇಳಿದಳು. ಹಿಂದೆ ಹತ್ತುವಾಗ ಜೀಪಿನಲ್ಲಿ ಮಣೆ ಇಲ್ಲದ್ದು ಅವಳಿಗೆ ಕಂಡಿತು. ಭೂತಯ್ಯ ಆಗಲೇ ಊರಿಗೆ ಮುಟ್ಟಿಸಿ ಬಂದಿರಬೇಕು ಎಂದುಕೊಂಡು ಸುಮ್ಮನಾದಳು.

ಹೋಂಸ್ಟೇ ಜಗಲಿಯಲ್ಲಿ ಮೋಹಿತ್, ಮಾನಸಾ ಕೂತು ಕಾಫಿ ಕುಡಿಯುತ್ತಿದ್ದರು.

“ಓ, ಸ್ಟಾಲಿನ ಅಂಕಲ್! ಎಂತ ಇಲ್ಲಿವರೆಗೆ?”

“ನಿಮ್ ಆನೆ ಬುಟ್ಟು ಬಂದ್ಬುಟ್ರಲ್ಲಾ ಸ್ವಾಮಿ” ಎಂದು ನಂಜುಂಡಯ್ಯ ಹೊದಿಕೆ ಸರಿಸಿದ.

“ಆನೆಯಾ? ನಾವು ಆನೆ ಎಲ್ಲಿ ತಗೊಂಡದ್ದು ಮಾರಾಯ್ರೆ? ಮತ್ತೆ ಅದು... ಆನೆಯಾ? ಹಂದಿ ಅಂತ ಮಾಡಿದ್ದೆ ನಾನು. ನಾವು ತಗೊಂಡದ್ದು ಇದಲ್ವಾ?”

ಮೋಹಿತ್ ಕೈ ತೋರಿಸಿದ ಕಡೆ ಮೂವರೂ ನೋಡಿದರು. ಜಗಲಿಯ ನಡುವೆ ಊರಿನ ಹಸೆಮಣೆ. ಮೇಲೆ ಎರಡು ಕಾಫಿ ಲೋಟ, ಒಂದು ತಟ್ಟೆ ಚಕ್ಕುಲಿ, ಮೊಬೈಲು ಚಾರ್ಜರು. ಮೂರು ಮೂಲೆಗೆ ಮೂರು ಕಾಲು, ನಾಲ್ಕನೇ ಮೂಲೆಗೆ ಇಟ್ಟಿಗೆ.

ಗಂಡ ಹೆಂಡತಿ ಮೂರು ದಿನಗಳಿಂದ ಬಿಟ್ಟಿದ್ದ ಮಾತು ಆ ಕ್ಷಣ ಒಟ್ಟಿಗೇ ಬಂತು.

“ನಿನ್ ಹತ್ರ ಇತ್ತಲ್ಲೇ!”

“ನೀವು ಜೀಪಲ್ಲಿ ಇಕ್ಲಿಲ್ವೇನ್ರೀ!”

“ನನ್ನ್ಯಾಕ್ ನೋಡ್ತೀರಾ?” ಎಂದ ಭೂತಯ್ಯ.

“ಕಾಲೆಲ್ಲಿ? ಇನ್ನೊಂದು ಕಾಲೆಲ್ಲಿ?” ಎಂದು ನಂಜುಂಡಯ್ಯ ಜಗಲಿಯೆಲ್ಲ ಹುಡುಕತೊಡಗಿದ.

“ಡಿಕ್ಕಿಗೆ ಹಾಕುವಾಗ ಅದೊಂದು ಮುರೀತು. ನಿನ್ನೆ ಕ್ಯಾಂಪ್ ಫೈರಿಗೆ ಹಾಕಿದ್ವಿ” ಎಂದಳು ಮಾನಸಾ. “ಯಾಕೆ, ಎಂತ ಆಯ್ತು?”

ನಂಜುಂಡಯ್ಯ ಮಣೆಯ ಕಥೆಯನ್ನೆಲ್ಲ ಹೇಳಿದ. ಊರಿನ ಹೆಣ್ಣುಮಕ್ಕಳೆಲ್ಲ ಅದರ ಮೇಲೇ ಕೂತವರು, ನಾಡಿದ್ದು ಧನುಶ್ರೀ ಕೂರಬೇಕು, ದಯವಿಟ್ಟು ವಾಪಸ್ಸು ಕೊಡಿ ಎಂದು ಕೈಮುಗಿದ. ಹೇಳಬಾರದಿತ್ತು. ಮಾನಸಾಳ ಕಣ್ಣು ಇನ್ನೂ ದೊಡ್ಡದಾಯಿತು.

“ಅಯ್ಯೋ, ಎಷ್ಟು ಒಳ್ಳೆ ಸ್ಟೋರಿ ಉಂಟು ಇದಕ್ಕೆ! ಹಾಗಾದ್ರೆ ನಾನು ಕೊಡೋದೇ ಇಲ್ಲ.”

“ಹಳೇದು ಕಣಮ್ಮಾ, ಹುಳ ಹಿಡ್ದೈತೆ!”

“ಹಳೇದೇ ನನಗೆ ಇಷ್ಟ.”

“ಬದ್ಲಿಗೆ ಆನೆ ತಗೊಳ್ಳಿ.”

ಇಬ್ಬರೂ ಆನೆಯನ್ನು ಇನ್ನೊಂದು ಸಲ ನೋಡಿದರು. “ಕಾರಲ್ಲಿ ಜಾಗ ಇಲ್ಲ” ಎಂದ ಮೋಹಿತ್. ನಂಜುಂಡಯ್ಯ ನೋಟು ವಾಪಸ್ಸು ಕೊಡೋಣವೆಂದು ಕೈ ಜೇಬಿಗೆ ಹಾಕಿದ, ಬೋಣಿಯ ಹಣ ಎಂದು ನೆನಪಾಗಿ ಅಲ್ಲೇ ನಿಂತ. ಬೋಣಿ ಹಿಂದಕ್ಕೆ ಹೋದರೆ ಮನೆಗೆ ಒಳ್ಳೆಯದಲ್ಲ. ಕೈ ಜೇಬಿನಲ್ಲೇ ಉಳಿಯಿತು.

ಆಗ ಸರ್ವಮಂಗಳ ಮುಂದೆ ಬಂದು, ಸೆರಗು ಸರಿಮಾಡಿಕೊಂಡು ನೆಲದ ಮೇಲೆ ಕೂತಳು.

“ಇಟ್ಕೊಳ್ಳಿ ಕಣಮ್ಮಾ, ನಿಮ್ದೇ ಈಗ. ಆದ್ರೆ ಮಣೆ ಯಾರ್ ಮನೇಲಿರ್ತದೋ ಅವ್ರೇ ಮಣೆಯೋರು. ಊರಲ್ಲಿ ಯಾವ್ ಮದ್ವೆ ಆದ್ರೂ ಹಿಂದಿನ್ ದಿನ್ವೇ ಮಣೆ ಹೊತ್ಕೊಂಡ್ ಬರ್ಬೇಕು. ಸೀಗೆಪುಡಿ ಹಾಕಿ ನೀವೇ ತೊಳೀಬೇಕು. ಹೆಣ್ಣು ಏಳೋಗಂಟ ಪಕ್ಕದಲ್ಲೇ ಕೂತಿರ್ಬೇಕು.”

“ವರ್ಷಕ್ಕೆ ಎಷ್ಟು ಮದುವೆ ಆಗ್ತದೆ?” ಎಂದು ಮೋಹಿತ್ ಮೆಲ್ಲಗೆ ಕೇಳಿದ.

“ಈ ಫಾಲ್ಗುಣದಲ್ಲಿ ನವ್ಯಶ್ರೀದು ಐತೆ. ಆಮ್ಯಾಕೆ ಮಾದಮ್ಮನ ಇಬ್ರು ಹೆಣ್ಮಕ್ಳು ನಿಂತವ್ರೆ. ಕುಂದೂರಿಗೆ ಕೊಟ್ಟಿರೋ ಹುಡ್ಗೀರ ನಾದಿನೀರೂ ಇದೇ ಮಣೆ ಬೇಕು ಅಂತಾರೆ. ಇನ್ನೊಂದು ವಿಷ್ಯ. ಈ ಮಣೆ ಮೇಲೆ ಕೂತ ಗಂಡ ಹೆಂಡ್ತಿ ಜಗಳ ಆಡ್ಕೊಂಡ್ರೆ ಮೊದ್ಲು ಬರೋದು ಮಣೆಯೋರ ಮನೆಗೇ. ಕೆಂಚಮ್ಮಜ್ಜಿ ಹೆಂಗೋ ಗದರಿಸಿ ಕಳಿಸ್ತಿದ್ಲು. ನಿಮ್ ಅಡ್ರೆಸ್ ಕೊಡಿ, ಎಲ್ಲಾರ್ಗೂ ಹೇಳ್ಬುಡ್ತೀನಿ.”

“ಮಾನಸಾ, ನಮಗೆ ಬೇಡ” ಎಂದ ಮೋಹಿತ್. ಅವನೇ ಎದ್ದು ಕಾಫಿ ಲೋಟಗಳನ್ನು ತೆಗೆದ.

ಮಾನಸಾಗೆ ಬೇಸರವಾಯಿತು. ಅವಳ ಕಣ್ಣು ಹೊಸತೇನನ್ನೋ ಹುಡುಕುತ್ತ ಬಂದು ಆನೆಯ ಮೇಲೆ ನಿಂತಿತು. ನಂಜುಂಡಯ್ಯ ಆನೆಯ ಮುಖವನ್ನು ಅವಳ ಕಡೆ ಸ್ವಲ್ಪ ತಿರುಗಿಸಿದ.

“ಆ ಬಟ್ಟೆ ಯಾರು ಹೊಲಿದದ್ದು? ಅದನ್ನಾದ್ರೂ ಕೊಡ್ತೀರಾ?”

ಹಾಗೆ ಸರ್ವಮಂಗಳಳ ಸೀರೆಯ ಹೊದಿಕೆ ಮಂಗಳೂರಿಗೆ ಹೋಯಿತು, ಬೋಣಿಯ ಹಣ ಜೇಬಿನಲ್ಲಿ ಉಳಿಯಿತು, ಮಣೆ ಜೀಪಿಗೆ ಬಂತು. ಆನೆ ಬೆತ್ತಲೆಯಾಗಿ ನಂಜುಂಡಯ್ಯನ ಮಡಿಲಲ್ಲಿ ಕೂತಿತು. ದಾರಿಯುದ್ದಕ್ಕೂ ಅವನು ಅದರ ಸೊಂಡಿಲು ಸವರುತ್ತಲೇ ಇದ್ದ. “ಹಂದಿ ಅಂದ್ಬುಟ್ನಲ್ಲೇ” ಎಂದು ಒಂದೇ ಒಂದು ಸಲ ಅಂದ. ಅವನಿಗೆ ನಿಜವಾಗಿಯೂ ನೋವಾಗಿತ್ತು. ಸರ್ವಮಂಗಳ ನಗಲಿಲ್ಲ.

ಮಂಗಳವಾರ ಬೆಳಿಗ್ಗೆ ಕೆಂಚಮ್ಮಜ್ಜಿಗೆ, ‘ತೊಳೆದು ಒಣಗಿಸಿ ನಾಳೆ ಬೆಳಿಗ್ಗೆ ನಾನೇ ತತ್ತೀನಿ’ ಎಂದು ಹೇಳಿ ಕಳಿಸಿದ. ಆಚಾರಿಗೆ ಫೋನು ಮಾಡಿದ. ಅವನು ಹಾಸನದಲ್ಲಿ ಯಾರದೋ ಮನೆಯ ಬಾಗಿಲು ಕೂರಿಸುತ್ತಿದ್ದ. “ಹಸಿ ಮರ ಹಾಕಿದ್ರೆ ಬಿರಿತದೆ. ಒಣಗಿ ಕಲ್ಲಾಗಿರೋ ಮರ, ಮುಷ್ಟಿ ದಪ್ಪ ಇರ್ಬೇಕು” ಎಂದು ಹೇಳಿ ಇಟ್ಟುಬಿಟ್ಟ. ನಂಜುಂಡಯ್ಯ ಊರೆಲ್ಲ ಅಲೆದ. ಸೌದೆ ಒಟ್ಟಿಲುಗಳ ಹತ್ತಿರ ಯಾರೂ ಬಿಡಲಿಲ್ಲ, ಎಲ್ಲರ ಬೊಡ್ಡೆಯೊಳಗೂ ಏನೋ ಒಂದು ಇತ್ತು. ಒನಕೆಯ ತುಂಡು ಸಣ್ಣದಾಯಿತು, ಬೇಲಿ ಗೂಟಕ್ಕೆ ಗೆದ್ದಲು ಹಿಡಿದಿತ್ತು. ಇಟ್ಟಿಗೆಯೇ ಇರಲಿ ಎಂದು ಭೂತಯ್ಯನನ್ನು ಕೂರಿಸಿ ನೋಡಿದರು. ಭೂತಯ್ಯ ಒಂದು ಸಲ ಸೀನಿದ್ದಕ್ಕೆ ಇಟ್ಟಿಗೆ ಒಂದು ಕಡೆ, ಅವನು ಒಂದು ಕಡೆ ಬಿದ್ದರು.

ಸಂಜೆ ಅವನು ನಮ್ಮ ಮನೆಗೆ ಬಂದು ಗರಗಸ ಕೇಳಿದ. ಯಾಕೆ ಎಂದು ನಾನು ಕೇಳಲಿಲ್ಲ, ಹಿಂದೆಯೇ ಹೋದೆ. ಆನೆಯನ್ನು ಜಗಲಿಯ ಮೇಲೆ ಮಲಗಿಸಿದ. ಅದರ ಹಿಂಗಾಲು ಮುಷ್ಟಿ ದಪ್ಪ, ಒಣಗಿ ಕಲ್ಲಾಗಿತ್ತು, ಎತ್ತರವೂ ಸರಿಯಾಗಿತ್ತು.

ಒಂದು ವರ್ಷದಿಂದ ಅದನ್ನು ಒಲೆಗೆ ಹಾಕುತ್ತೇನೆ ಎನ್ನುತ್ತಿದ್ದ ಸರ್ವಮಂಗಳ ಓಡಿಬಂದು ಅವನ ಕೈ ಹಿಡಿದಳು.

“ಬ್ಯಾಡ ಕಣ್ರೀ. ಬೇರೆ ಏನಾರ ನೋಡಾಣ.”

“ಬೇರೆ ಏನೈತೆ? ಹುಡುಗಿ ಕೂರ್ಬೇಕಲ್ಲೇ.”

ಈ ಸಲ ಅವನು ಕಣ್ಣು ಮುಚ್ಚಲಿಲ್ಲ. ನೋಡಿಕೊಂಡೇ ಕುಯ್ದ. ನಾನು ಮುಖ ಆ ಕಡೆ ಮಾಡಿಕೊಂಡೆ.

ಬುಧವಾರ ಕೆಂಚಮ್ಮಜ್ಜಿಯ ಅಂಗಳದ ಚಪ್ಪರದಲ್ಲಿ ಊರೇ ಸೇರಿತ್ತು. ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ಮಣೆ ಬಂತು. ಹೆಂಗಸರು ಹಸೆ ಬರೆಯಲು ಬಗ್ಗಿದರು. ಅಜ್ಜಿಯೂ ಬಗ್ಗಿದಳು, ಬಗ್ಗಿದವಳು ಹಾಗೇ ನಿಂತಳು.

“ಇದೇನ್ಲಾ ನಂಜುಂಡ, ಮಣೆಗೆ ಉಗುರು ಬಂದೈತೆ?”

ಕುಯ್ಯುವಾಗ ಆನೆಯ ಪಾದವನ್ನು ತೆಗೆಯಲು ಅವನಿಗೆ ಮನಸ್ಸಾಗಿರಲಿಲ್ಲ. ಊರೆಲ್ಲ ಬಗ್ಗಿ ನೋಡಿತು. ನಂಜುಂಡಯ್ಯ ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟ. ಬೋಣಿ, ಮಂಗಳೂರು, ಕ್ಯಾಂಪ್ ಫೈರ್, ಹಂದಿ, ಗರಗಸ. ಹೇಳಿ ಮುಗಿಸಿ, “ಬೇಕಾದ್ರೆ ಬೆನ್ನು ಬಗ್ಗಿಸ್ತೀನಿ ಕಣಜ್ಜಿ” ಎಂದ.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಧನುಶ್ರೀಯನ್ನು ಪಕ್ಕಕ್ಕೆ ಸರಿಸಿ ತಾನೇ ಮಣೆಯ ಮೇಲೆ ಕೂತಳು. ಈ ಕಡೆ ವಾಲಿದಳು, ಆ ಕಡೆ ವಾಲಿದಳು. ಮೊದಲು ಮಣೆ ಒಂದು ಮೂಲೆಯಲ್ಲಿ ಕಿರ್ ಎನ್ನುತ್ತಿದ್ದದ್ದು ನಮಗೆಲ್ಲ ಗೊತ್ತು, ಈಗ ಆ ಸದ್ದೂ ಇರಲಿಲ್ಲ. ಕೈ ಕೆಳಗೆ ಹಾಕಿ ಆ ಕಾಲನ್ನು ಒಂದು ಸಲ ಸವರಿದಳು.

“ಆನೆ ಕಾಲೇ ಕಣ್ಲಾ” ಎಂದಳು. “ಅಲ್ಲಾಡಕಿಲ್ಲ. ಕೂರು ಮಗ ಧನು.”

ಹೆಂಗಸರು ಸೋಬಾನೆ ಶುರು ಮಾಡಿದರು. ಧನುಶ್ರೀಯ ಕೆನ್ನೆಗೆ, ಕೈಗೆ, ಕಾಲಿಗೆ ಅರಿಶಿನ ಬಿತ್ತು. ಸರ್ವಮಂಗಳ ಬಗ್ಗಿ ಆ ನಾಲ್ಕು ಉಗುರುಗಳಿಗೂ ಒಂದೊಂದು ಬೊಟ್ಟು ಅರಿಶಿನ ಹಚ್ಚಿದಳು. ನಂಜುಂಡಯ್ಯ ಮಣೆಯ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಶಾಸ್ತ್ರ ಮುಗಿಯುವವರೆಗೂ ಕೂತೇ ಇದ್ದ. ಅವನು ಅಷ್ಟು ಹೊತ್ತು ಒಂದು ಕಡೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಯುಗಾದಿಯ ರಜೆಗೆ ರೆಸಾರ್ಟಿನವರು ಮತ್ತೆ ಮೇಳ ಇಟ್ಟರು. ಮೈಕಿನ ಹತ್ತಿರ ಬರಬಾರದು ಎಂಬ ಷರತ್ತಿನ ಮೇಲೆ ಶಾಲಿನಿ ನಂಜುಂಡಯ್ಯನಿಗೆ ಸ್ಟಾಲ್ ಕೊಟ್ಟಳು. ಈ ಸಲ ನಾನೂ ಹೋಗಿದ್ದೆ, ನನ್ನ ಆಮೆ ಇತ್ತಲ್ಲ. ಸರ್ವಮಂಗಳಳ ಹೊಸ ಹೊದಿಕೆಗಳು ಹಗ್ಗದ ಮೇಲೆ ನೇತಾಡುತ್ತಿದ್ದವು. ನಡುವೆ ಭೂತಯ್ಯ ಎಸ್ಟೇಟಿನ ಸ್ಟೋರಿನಿಂದ ಯಾರಿಗೂ ಹೇಳದೆ ತಂದ ಹಳೆ ಪೆಟ್ಟಿಗೆಯ ಮೇಲೆ ಆನೆ ಮೂರೇ ಕಾಲಿನಲ್ಲಿ ನಿಂತಿತ್ತು. ವಯಸ್ಸಾದ ಹೆಂಗಸೊಬ್ಬರು ಬಂದು ಬಹಳ ಹೊತ್ತು ಅದನ್ನೇ ನೋಡಿದರು.

“ಈ ಮೂರು ಕಾಲಿನ ಆನೆ ಎಷ್ಟು?” ಎಂದು ಕೇಳಿದರು. ಆನೆ ಎಂದೇ ಕೇಳಿದರು, ನಾನೇ ಕಿವಿಯಾರೆ ಕೇಳಿದೆ.

ನಂಜುಂಡಯ್ಯ ಎದ್ದು ಬಂದ. ಅವನು ಆನೆಯ ಬೆನ್ನ ಮೇಲೆ ಕೈ ಇಟ್ಟ.

“ಇದು ಮಾರಕ್ಕಲ್ಲ ಕಣಮ್ಮಾ. ಇದರ ಇನ್ನೊಂದು ಕಾಲು ಊರಲ್ಲಿ ಕೆಲಸದ ಮೇಲೈತೆ.”

ಆಕೆಗೆ ಅರ್ಥವಾಗಲಿಲ್ಲ. “ಹೊದಿಕೆ ಬಿಟ್ಟು ಮತ್ತೆ ಮಾರೋದು ಏನಿದೆ ಇಲ್ಲಿ?” ಎಂದರು.

“ಸ್ಟ್ಯಾಂಡ್ ಬೇಕಾದ್ರೆ ತಗೊಂಡೋಗಿ” ಎಂದ ನಂಜುಂಡಯ್ಯ.

ಭೂತಯ್ಯ ಓಡಿಬಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತ.